ಬಿಟ್ಟುಹೋದದ್ದು ಕಿವಿಗೆ ಕೇಳಿಸುವುದಿಲ್ಲ

ನನಗೀಗ ಮೂವತ್ತಮೂರು. ಈ ವಯಸ್ಸಿಗೆ ನಿವೃತ್ತಿಯ ನೆನಪು ಬರೆಯಲು ಕೂತಿದ್ದೇನೆ ಅಂದರೆ ನಗು ಬರಬಹುದು. ನಕ್ಕುಬಿಡಿ. ದೋಹಾದ ಒಂದು ಅನುವಾದದ ಆಫೀಸಿನಲ್ಲಿ ಒಂಬತ್ತು ವರ್ಷ ಕನ್ನಡದ ಟೇಬಲ್ಲಿನಲ್ಲಿ ಕೂತು ಈಗ ಎದ್ದು ಬಂದಿದ್ದೇನೆ. ಆಫೀಸು ಕೊಟ್ಟ ಪತ್ರದಲ್ಲಿ ಬೇರೆ ಮಾತಿದೆ, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ನಾನು ಅದನ್ನು ನಿವೃತ್ತಿ ಎಂದೇ ಕರೆಯುತ್ತೇನೆ. ಯಾಕೆಂದರೆ ಆ ಕೆಲಸಕ್ಕೆ ಇನ್ನು ಮರಳಿ ಹೋಗುವುದಿಲ್ಲ.

ಇದು ಹೊಸದಾಗಿ ಅನುವಾದದ ಕೆಲಸಕ್ಕೆ ಸೇರುತ್ತಿರುವವರಿಗೆ. ನಿಮ್ಮಲ್ಲಿ ಕೆಲವರು ನನಗೆ ಮೆಸೇಜ್ ಮಾಡಿ, "ಅಕ್ಕಾ, ಆ ಲೈನು ಹೇಗುಂಟು?" ಎಂದು ಕೇಳಿದ್ದೀರಿ. ಹೇಳುತ್ತೇನೆ. ಸಂಬಳ ಏರಿದ್ದು, ಕಾರ್ಡಿನಲ್ಲಿ ಸೀನಿಯರ್ ಎಂದು ಸೇರಿಸಿದ್ದು, ಆ ದಿನ ಕೇಕ್ ಕತ್ತರಿಸಿದ್ದು, ಅವನ್ನೆಲ್ಲ ಬಿಟ್ಟುಬಿಡುತ್ತೇನೆ. ಒಂದು ಪುಸ್ತಕದ ಕಥೆ ಹೇಳುತ್ತೇನೆ. ಬೈಬಲ್ ಇಂಗ್ಲಿಷಿಗೆ ಹೇಗೆ ಬಂತು ಎಂಬ ಚರಿತ್ರೆಯ ಪುಸ್ತಕ. ಅದನ್ನು ಕನ್ನಡಕ್ಕೆ ತಂದದ್ದು ನಾನು. ಪುಸ್ತಕ ತೆರೆದು ನೋಡಿದರೆ ನಿಮಗೆ ಅದು ಗೊತ್ತಾಗುವುದಿಲ್ಲ.

ನಾನು ಉಡುಪಿ ಕಡೆಯವಳು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಬಿಕಾಂ ಎರಡನೇ ವರ್ಷಕ್ಕೆ ನಿಂತುಹೋಯಿತು. ದೋಹಾಕ್ಕೆ ಬಂದದ್ದು ಅದೇ ಆಫೀಸಿನ ರಿಸೆಪ್ಷನ್‌ಗೆ. ದೋಹಾ ಅಲ್ ಜದೀದಾದ ಹಳೆಯ ಕಟ್ಟಡ, ಕೆಳಗೆ ಮನಿ ಎಕ್ಸ್‌ಚೇಂಜ್, ಮೇಲೆ ನಾವು. ವಾಸ ಅಲ್ ಮನ್ಸೂರಾದಲ್ಲಿ, ಇಬ್ಬರು ನರ್ಸ್‌ಗಳ ಜೊತೆ ಒಂದೇ ಕೋಣೆ.

ಇಲ್ಲಿ ವಾರದ ರಜೆ ಶುಕ್ರವಾರ, ನಮ್ಮ ಆರಾಧನೆಯೂ ಅವತ್ತೇ. ಆರಾಧನೆ ನಡೆಯುವ ಸಭಾಂಗಣದ ಪಕ್ಕದಲ್ಲಿ ಒಂದು ಕಪಾಟು ಇದೆ. ಕೆಲಸ ಮುಗಿಸಿ ಊರಿಗೆ ಹೋಗುವವರು ತಮ್ಮ ಬೈಬಲ್ಲನ್ನು ಅಲ್ಲಿ ಬಿಟ್ಟುಹೋಗುತ್ತಾರೆ. ಮೂವತ್ತು ಕಿಲೋ ಲಗೇಜಿನಲ್ಲಿ ಮಕ್ಕಳ ಆಟಿಕೆ, ಹಾಲಿನ ಪುಡಿ, ಕಂಬಳಿ ಎಲ್ಲ ಹೋಗಬೇಕು. ಬೈಬಲ್ ಊರಲ್ಲೂ ಸಿಗುತ್ತದಲ್ಲ. ಹಾಗೆ ಬಿಟ್ಟುಹೋದವು ಆ ಕಪಾಟಿನಲ್ಲಿ ಹತ್ತು ಹನ್ನೆರಡು ಭಾಷೆಯಲ್ಲಿ ತುಂಬಿಕೊಂಡಿವೆ. ಮೊದಲ ಪುಟ ತೆಗೆದರೆ ಬರಹ ಇರುತ್ತದೆ: ಮಗಳಿಗೆ, ಕತಾರಿಗೆ ಹೊರಟ ದಿನ, ಅಪ್ಪ. ಅಥವಾ ಬರೀ ಒಂದು ಹೆಸರು, ಒಂದು ಊರು.

ಒಂದು ಶುಕ್ರವಾರ ಅಲ್ಲಿಂದ ನಾಲ್ಕು ಇಂಗ್ಲಿಷ್ ಬೈಬಲ್ ರೂಮಿಗೆ ತಂದೆ, ಆಮೇಲೆ ಇನ್ನೂ ಮೂರು. ಒಂದೇ ಕೀರ್ತನೆಯನ್ನು ಏಳರಲ್ಲೂ ತೆರೆದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆ. ಏಳು ಬಗೆ! ನಾನು ಬೈಬಲ್ ಅಂದರೆ ಒಂದೇ ಎಂದುಕೊಂಡು ಬೆಳೆದವಳು. ಇಷ್ಟು ಜನ ಕೂತು ಇಷ್ಟು ಸಲ ಯಾಕೆ ಬರೆದರು, ಯಾರು ಬರೆದರು? ಪುಸ್ತಕ ಯಾರದ್ದು ಎಂದು ಏಳರಲ್ಲೂ ಬರೆದಿತ್ತು. ಇಂಗ್ಲಿಷಿಗೆ ತಂದವರ ಹೆಸರು ಒಂದರಲ್ಲೂ ಇರಲಿಲ್ಲ.

ಅಲ್ಲಿಂದ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಫೋನು, ರಿಸೆಪ್ಷನ್ ಟೇಬಲ್ಲಿನ ಕೆಳಗೆ ಫೋನು. ಸಿಕ್ಕಿದ್ದೆಲ್ಲ ಓದಿದೆ. ಗುರು ಇಲ್ಲ, ಕ್ಲಾಸ್ ಇಲ್ಲ. ಓದಿದ್ದನ್ನು ಹೇಳಲಿಕ್ಕೆ ಯಾರಾದರೂ ಬೇಕಲ್ಲ, ಅದಕ್ಕೆ ಸಿಕ್ಕಿದವರು ಹಮೀದಾಕ.

ಹಮೀದಾಕ ನಮ್ಮ ಆಫೀಸಿನಲ್ಲಿ ಪುಟ ಕಟ್ಟುವವರು. ಉಳ್ಳಾಲದ ಕಡೆಯ ಬ್ಯಾರಿ, ಹೆಸರು ಹಮೀದ್, ಅಣ್ಣ ಎನ್ನುವ ಹಾಗೆ ಕೊನೆಗೊಂದು 'ಆಕ'. ದೋಹಾಕ್ಕೆ ಬಂದು ಇಪ್ಪತ್ತೆರಡು ವರ್ಷ. ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರ ಒಡೆಯದ ಹಾಗೆ ಕೂರಿಸುವುದು ಇಡೀ ಆಫೀಸಿನಲ್ಲಿ ಅವರೊಬ್ಬರಿಗೇ ಗೊತ್ತು. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು, "ಹೂಂ, ಹೇಳು ಸುನೀತಾ, ಇವತ್ತು ಯಾರನ್ನು ಸುಟ್ಟರು?" ಎಂದು ಶುರು ಮಾಡುವರು.

ನಾನು ಹೇಳುತ್ತಿದ್ದೆ. ಲ್ಯಾಟಿನಿನಲ್ಲಿದ್ದದ್ದನ್ನು ಇಂಗ್ಲಿಷ್ ಮಾಡಿಸಿದ ಒಬ್ಬ ಪಾದ್ರಿ ತನ್ನ ಪಾಡಿಗೆ ಸತ್ತ. ಸತ್ತು ನಲವತ್ತು ವರ್ಷ ದಾಟಿದ ಮೇಲೆ ಅವನ ಎಲುಬು ಅಗೆದು ತೆಗೆದು ಸುಟ್ಟು ಬೂದಿಯನ್ನು ಹೊಳೆಗೆ ಸುರಿದರು.

"ಅಲ್ಲ ಮಾರಾಯ್ತಿ, ಸತ್ತವನ ಮೇಲೆ ಎಂತ ಸಿಟ್ಟು? ನಲವತ್ತು ವರ್ಷ ಆದ ಮೇಲೆ ಎಲುಬಾದರೂ ಸಿಕ್ಕಿತಾ? ಬೇರೆ ಯಾರದ್ದೋ ಸುಟ್ಟಿರ್ತಾರೆ, ನೋಡು."

ಆಮೇಲೆ, ಒಂದು ನೂರು ವರ್ಷ ಕಳೆದು, ಇನ್ನೊಬ್ಬ. ಹೊಲ ಉಳುವವನಿಗೂ ತಿಳಿಯುವ ಇಂಗ್ಲಿಷಿನಲ್ಲಿ ಬರೆಯುತ್ತೇನೆಂದು ಹಟ ಹಿಡಿದು, ದೇಶ ಬಿಟ್ಟು ಓಡಿ, ಹೊರಗೆ ಅಚ್ಚು ಹಾಕಿಸಿ, ಬಟ್ಟೆಯ ಮೂಟೆಯಲ್ಲಿ ಅಡಗಿಸಿ ಇಂಗ್ಲೆಂಡಿಗೆ ಕಳಿಸಿದವನು. ಅವನನ್ನು ಹಿಡಿದು ಕಂಬಕ್ಕೆ ಕಟ್ಟಿ, ಕತ್ತು ಬಿಗಿದು, ಸುಟ್ಟರು. ಒಂದು ವರ್ಷದೊಳಗೆ ಅವನ ಮಾತುಗಳೇ ಇನ್ನೊಂದು ಹೆಸರಿನಲ್ಲಿ ಅಚ್ಚಾದವು. ಅದೂ ರಾಜನ ಅಪ್ಪಣೆ ಪಡೆದು!

ಹಮೀದಾಕ ಕೈಯ ತುತ್ತು ಡಬ್ಬಿಗೇ ಇಳಿಸಿದರು. "ಇವನನ್ನು ಸುಟ್ಟದ್ದು ಸುಳ್ಳಲ್ಲ. ಇವನದ್ದನ್ನೇ ಅಚ್ಚು ಹಾಕಿದ್ದೂ ಸುಳ್ಳಲ್ಲ. ಒಳ್ಳೆ ಆಫೀಸು ಅದು."

ಈ ಮಾತುಕತೆ ಮ್ಯಾನೇಜರ್ ಕಿವಿಗೂ ಬೀಳುತ್ತಿತ್ತು. ಅವರು ಜಗನ್ನಾಥ್, ಮೂಲ್ಕಿಯವರು. ಎಲ್ಲರೂ ಜಗಣ್ಣ ಎನ್ನುವುದು. ಬೈಯುವಾಗ ಇಂಗ್ಲಿಷ್, ಪ್ರೀತಿಗೆ ತುಳು, ಕೆಲಸ ಹೇಳುವಾಗ ಅರಬಿಯ "ಯಲ್ಲಾ ಯಲ್ಲಾ", ಬೇಗ ಬೇಗ ಎಂದು. ಕನ್ನಡದ ಟೇಬಲ್ಲಿನವನು ಬೇರೆ ಕಂಪನಿಗೆ ಹೋದಾಗ ಅವರು ನನ್ನನ್ನು ಕರೆದು, "ನೀನು ಹೇಗೂ ಇಡೀ ದಿನ ಟ್ರಾನ್ಸ್‌ಲೇಷನ್ ಕಥೆಯೇ ಹೇಳುದಲ್ವಾ? ಹೋಗಿ ಆ ಕುರ್ಚಿಯಲ್ಲಿ ಕೂತ್ಕೋ," ಎಂದರು. ನನಗೆ ಕೆಲಸ ಸಿಕ್ಕಿದ್ದು ಹೀಗೆ. ಅವರು ಒಳ್ಳೆಯವರಲ್ಲ ಎಂದು ನಾನು ಈಗಲೂ ಹೇಳುವುದಿಲ್ಲ. ಅದೇ ಕಷ್ಟ.

ಕೆಲಸ ಅಂದರೆ ಲೇಬರ್ ಕ್ಯಾಂಪಿನ ನೋಟಿಸು, ಕ್ಲಿನಿಕ್ಕಿನ ಫಾರಂ, ಕ್ರೇನ್ ಹತ್ತಿರ ನಿಲ್ಲಬೇಡಿ ಎಂಬ ಬೋರ್ಡು. ಶುರುವಿನಲ್ಲಿ ನಾನು ಬರೆದದ್ದೆಲ್ಲ ಪಠ್ಯಪುಸ್ತಕದ ಹಾಗೆ ಇತ್ತು. ಅದನ್ನು ಸರಿಮಾಡಲು ನಾನೇ ಜಗಣ್ಣನಿಗೆ ಒಂದು ದಾರಿ ಹೇಳಿದೆ. ರಾಜನ ಆಜ್ಞೆಯ ಮೇಲೆ ಸುಮಾರು ಐವತ್ತು ವಿದ್ವಾಂಸರು ಇಂಗ್ಲಿಷ್ ಬೈಬಲ್ ಮಾಡಿದಾಗ ಅವರದ್ದೊಂದು ಪದ್ಧತಿ ಇತ್ತಂತೆ. ಒಬ್ಬ ಗಟ್ಟಿಯಾಗಿ ಓದುತ್ತಾನೆ. ಉಳಿದವರು ಒಬ್ಬೊಬ್ಬರೂ ಬೇರೆ ಬೇರೆ ಭಾಷೆಯ ಬೈಬಲ್ ಕೈಯಲ್ಲಿ ಹಿಡಿದು ಕೇಳುತ್ತಾರೆ. ತಪ್ಪು ಕಂಡರೆ ಮಾತಾಡಬೇಕು. ಯಾರೂ ಮಾತಾಡದಿದ್ದರೆ ಸರಿ ಇದೆ ಎಂದು ಅರ್ಥ, ಓದು ಮುಂದೆ ಹೋಗುತ್ತದೆ.

"ಸೂಪರ್," ಎಂದರು ಜಗಣ್ಣ. "ಮೀಟಿಂಗೂ ಬೇಡ, ಕರೆಕ್ಷನ್ ಈಮೇಲೂ ಬೇಡ."

ಹಾಗೆ ಶುರುವಾಯಿತು. ಪ್ರತಿ ಬುಧವಾರ ಸಂಜೆ, ಕರಕ್ ಚಹಾ ಇಟ್ಟುಕೊಂಡು. ಧ್ವನಿ ಚೆನ್ನಾಗಿದೆ ಎಂದು ಹಮೀದಾಕ ಓದುವವರು. ಕೇಳುವವರು ನಾನು, ಜಗಣ್ಣ, ಮತ್ತು ಆ ಹೊತ್ತಿಗೆ ಬಿಡುವಾಗಿದ್ದ ಕನ್ನಡದವರು ಯಾರಾದರೂ. ಹಮೀದಾಕ ಓದುತ್ತ ಓದುತ್ತ, "ಇದೆಂತ ಇದು, ಹಲ್ಲಿಗೆ ಕಚ್ಚುತ್ತದೆ," ಎಂದು ನಡುವೆ ನಿಲ್ಲಿಸುವರು. ಅದಕ್ಕೆ ನಾನೊಂದು ರೂಲ್ ಮಾಡಿದೆ. ಓದುವವನು ಮಾತಾಡಬಾರದು. ಅವನು ಮಾತಾಡಿದರೆ ಕೇಳುವವರ ಕಿವಿ ಸೋಮಾರಿಯಾಗುತ್ತದೆ. ಎಲ್ಲೋ ಓದಿ ಕಲಿತದ್ದಲ್ಲ, ನನ್ನದೇ ತಲೆ. ಗೋಡೆಗೆ ಬರೆದು ಅಂಟಿಸಿದ್ದೆ ಕೂಡ.

ಈಗ ನನ್ನ ದೊಡ್ಡ ತಪ್ಪಿನ ಕಥೆ.

ಬೇಸಿಗೆ ಶುರುವಾಗುವ ಮೊದಲು ಒಂದು ಕಟ್ಟಡ ಕಂಪನಿಯಿಂದ ಬಿಸಿಲಿನ ನೋಟಿಸು ಬಂತು. ಹೇಗೆ ನೀರು ಕುಡಿಯಬೇಕು, ಎಲ್ಲಿ ಕೂರಬೇಕು, ಹನ್ನೊಂದು ಸಾಲು. ನಾನು ಟೈಪ್ ಮಾಡುವಾಗ ಒಂದು ಸಾಲಿನಿಂದ ಕಣ್ಣು ಜಾರಿ ಅದರ ಮುಂದಿನದಕ್ಕೆ ಹೋಯಿತು. ಬಿಟ್ಟುಹೋದ ಸಾಲು ಇದು: ತಲೆ ಸುತ್ತಿದರೆ ಕೂಡಲೇ ಕೆಲಸ ನಿಲ್ಲಿಸಿ, ಫೋರ್‌ಮನ್‌ನ ಒಪ್ಪಿಗೆಗೆ ಕಾಯಬೇಡಿ.

ಬುಧವಾರ ಹಮೀದಾಕ ಹತ್ತು ಸಾಲನ್ನೂ ಚೆಂದ ಓದಿದರು. ಎಲ್ಲ ಸರಾಗ. ಯಾರೂ ಮಾತಾಡಲಿಲ್ಲ. ಪಾಸ್.

ಜುಲೈಯಲ್ಲಿ ಆ ಸೈಟಿನಲ್ಲಿ ಬಾಗಲಕೋಟೆ ಕಡೆಯ ಬಸಪ್ಪ ಎಂಬವರು ಬಿದ್ದರು. ತಲೆ ಸುತ್ತುತ್ತಿದೆ ಎಂದು ಫೋರ್‌ಮನ್‌ನನ್ನು ಹುಡುಕಿಕೊಂಡು ಬಿಸಿಲಿನಲ್ಲೇ ಓಡಾಡಿದ್ದರು, ಒಪ್ಪಿಗೆ ಕೇಳಲು. ಜೀವ ಉಳಿಯಿತು. ಆದರೆ ಮತ್ತೆ ಬಿಸಿಲಿನ ಕೆಲಸಕ್ಕೆ ಆಗುವುದಿಲ್ಲ ಎಂದು ಊರಿಗೆ ಕಳಿಸುವುದೆಂದಾಯಿತು. ನಾನು ನೋಡಲು ಹೋದೆ. ಆಸ್ಪತ್ರೆಯ ಮಂಚದಲ್ಲಿ ಎದ್ದು ಕೂತಿದ್ದರು. ನಾನು ಯಾರೆಂದು ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ.

ಅವರಿಗೆ ನಂಬಿಕೆಯೇ ಬರಲಿಲ್ಲ. "ನೀವ್ಯಾಕ ಅಳ್ತೀರಿ ಅಕ್ಕಾರ? ಬೋರ್ಡ್ ನಾ ಎರಡ ಸಲ ಓದಿದ್ದೆ. ಚೊಲೋ ಕನ್ನಡ ಇತ್ತು. ನಿಂದರು ಅಂತ ಅದರಾಗ ಬರದಿದ್ದಿಲ್ಲ, ಅದಕ್ಕ ನಿಂದರಲಿಲ್ಲ."

ಚೊಲೋ ಕನ್ನಡ ಇತ್ತು. ಆ ಹೊಗಳಿಕೆ ನನಗೆ ಇವತ್ತಿಗೂ ಅರಗಿಲ್ಲ.

ಆಗ ಅರ್ಥವಾಯಿತು, ನಾನು ಪದ್ಧತಿಯ ಅರ್ಧವನ್ನು ಮಾತ್ರ ತಂದಿದ್ದೆ. ಗಟ್ಟಿಯಾಗಿ ಓದಿದರೆ ಕೆಟ್ಟ ವಾಕ್ಯ ಕಿವಿಗೆ ಸಿಗುತ್ತದೆ. ಇಲ್ಲದ ವಾಕ್ಯ ಸಿಗುವುದಿಲ್ಲ. ಆ ವಿದ್ವಾಂಸರು ಸುಮ್ಮನೆ ಕೈಯಲ್ಲಿ ಇನ್ನೊಂದು ಬೈಬಲ್ ಹಿಡಿದಿರಲಿಲ್ಲ. ಅವರದ್ದೇ ಬೈಬಲ್ಲಿನ, ಇಪ್ಪತ್ತು ವರ್ಷ ಕಳೆದು ಬಂದ ಒಂದು ಮುದ್ರಣದಲ್ಲಿ ದಶಾಜ್ಞೆಯ ಒಂದು ಸಾಲಿನಿಂದ 'ಬೇಡ' ಎಂಬುದೇ ಬಿಟ್ಟುಹೋಗಿ, ವ್ಯಭಿಚಾರ ಮಾಡು ಎಂದು ಅಚ್ಚಾಗಿತ್ತು. ಹಮೀದಾಕನಿಗೆ ಆ ಕಥೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಆಗ ನನ್ನ ಸರದಿ ಬಂದಿರಲಿಲ್ಲ.

ಆಫೀಸಿನಿಂದ ಆ ಕಂಪನಿಗೆ ಪತ್ರ ಹೋಯಿತು. ಅನುವಾದ ಮಾಡಿದವರು ಎಂಬ ಸಾಲಿನ ಮುಂದೆ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಹುದ್ದೆ, ಸ್ಟಾಫ್ ನಂಬರು. ಒಂದಕ್ಷರ ಬಿಟ್ಟಿರಲಿಲ್ಲ. ನಾನು ಸಹಿ ಹಾಕಿದೆ, ತಕರಾರಿಲ್ಲ. ತಪ್ಪು ನನ್ನದೇ. ಆ ಪತ್ರವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಅವತ್ತಿನಿಂದ ಕೇಳುವವರೆಲ್ಲರ ಕೈಯಲ್ಲೂ ಮೂಲದ ಪ್ರತಿ ಇರಲೇಬೇಕು ಎಂದು ಹಟ ಹಿಡಿದೆ. ಜಗಣ್ಣ ಪೇಪರ್ ಖರ್ಚು ಎಂದು ಗೊಣಗಿದರು, ಆದರೆ ಒಪ್ಪಿದರು.

ಇದಾಗಿ ಎರಡು ವರ್ಷಕ್ಕೆ ಆ ಪುಸ್ತಕ ಬಂತು. ಹೊರದೇಶದ ಒಂದು ಸಂಸ್ಥೆಯದ್ದು, ಬೈಬಲ್ ಇಂಗ್ಲಿಷಿಗೆ ಬಂದ ಚರಿತ್ರೆ, ಚಿತ್ರಗಳ ಸಮೇತ, ನಾನ್ನೂರು ಪುಟ. ಭಾರತದ ಭಾಷೆಗಳಿಗೆ ಬೇಕಿತ್ತು. ಜಗಣ್ಣ ಆ ಕಟ್ಟನ್ನು ನನ್ನ ಟೇಬಲ್ಲಿನ ಮೇಲೆ ಧೊಪ್ ಎಂದು ಹಾಕಿ, "ಇಕೊ, ನಿನ್ನ ಮಾವನ ಮನೆಯ ಕಥೆ ಬಂದಿದೆ," ಎಂದರು.

ಹದಿನಾಲ್ಕು ತಿಂಗಳು. ಹಗಲಿಗೆ ನೋಟಿಸು, ಫಾರಂ. ಬಿಡುವಿನಲ್ಲಿ, ಶುಕ್ರವಾರ, ಶನಿವಾರ ಈ ಪುಸ್ತಕ. ನೀವು ಈ ಕೆಲಸಕ್ಕೆ ಬಂದರೆ ಒಂದಲ್ಲ ಒಂದು ದಿನ ಇಂಥದ್ದೊಂದು ನಿಮ್ಮ ಟೇಬಲ್ಲಿಗೆ ಬರುತ್ತದೆ. ಇದಕ್ಕೋಸ್ಕರವೇ ನಾನು ಹುಟ್ಟಿದ್ದು ಅನ್ನಿಸುತ್ತದೆ. ಎಚ್ಚರ ಇರಬೇಕಾದದ್ದು ಆಗಲೇ. ಕಂಬಕ್ಕೆ ಕಟ್ಟಿ ಸುಟ್ಟರಲ್ಲ, ಅವನ ಅಧ್ಯಾಯವನ್ನು ನಾನು ಆರು ಸಲ ತಿದ್ದಿ ಬರೆದೆ. ಬಸಪ್ಪನವರು ಓದಿದರೆ ಅರ್ಥವಾಗಬೇಕು, ಬರೀ ಚೊಲೋ ಕನ್ನಡ ಆಗಬಾರದು, ಅಷ್ಟೇ ಅಳತೆ ಇಟ್ಟುಕೊಂಡಿದ್ದೆ. ಐವತ್ತು ಜನರ ಆ ಬೈಬಲ್ಲಿನಲ್ಲಿ ಆ ಸುಡಿಸಿಕೊಂಡವನ ಮಾತುಗಳೇ ರಾಶಿ ರಾಶಿಯಾಗಿ ಇವೆ, ಮುನ್ನುಡಿಯಲ್ಲಿ ಅವನ ಹೆಸರು ಮಾತ್ರ ಇಲ್ಲ ಎಂಬ ಸಾಲನ್ನು ಟೈಪ್ ಮಾಡುವಾಗ ನನಗೆ ಕೋಪ ಬಂದಿತ್ತು. ಆ ಕೋಪ ಅವನಿಗೋಸ್ಕರ ಎಂದುಕೊಂಡಿದ್ದೆ.

ಪುಸ್ತಕ ಮುಗಿಯುವ ಹೊತ್ತಿಗೆ ಸದಾನಂದ ಸರ್ ಬಂದರು. ಮಂಗಳೂರಿನ ಕಡೆ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಹೆಸರಿನ ಮುಂದೆ ಡಾಕ್ಟರ್ ಇದೆ. ಅಲ್ ರಯ್ಯಾನಿನಲ್ಲಿ ಮಗಳ ಮನೆಗೆ ಮೂರು ತಿಂಗಳಿಗೆ ಬಂದಿದ್ದರು. ಜಗಣ್ಣ ಅವರನ್ನು ಹಿಡಿದು ತಂದು, "ಸರ್ ಒಮ್ಮೆ ಕಣ್ಣಾಡಿಸಲಿ," ಎಂದರು. ನನಗೆ ಸಂತೋಷವೇ. ಒಬ್ಬ ನಿಜವಾದ ಮೇಷ್ಟ್ರು ನನ್ನ ಬರಹ ನೋಡುವುದು ಅದೇ ಮೊದಲು. ಅವರು ನಾಲ್ಕು ಬುಧವಾರ ಬಂದರು. ಗೋಳಿಬಜೆ ತಿಂದರು. ಒಟ್ಟು ಹನ್ನೊಂದು ಕಡೆ ಪೆನ್ಸಿಲ್ ಗುರುತು ಹಾಕಿದರು, ಅದರಲ್ಲಿ ಏಳು ಒಳ್ಳೆಯ ತಿದ್ದುಪಡಿ, ಅದನ್ನೂ ಹೇಳಬೇಕು. ಹೋಗುವಾಗ ಒಮ್ಮೆ, "ಎಲ್ಲಿ ಕಲಿತದ್ದಮ್ಮ ಇದನ್ನೆಲ್ಲ?" ಎಂದು ಕೇಳಿದರು.

"ಬಸ್ಸಿನಲ್ಲಿ ಸರ್."

ತಮಾಷೆ ಎಂದುಕೊಂಡು ನಕ್ಕರು.

ಐದನೆಯ ಬುಧವಾರ ಕೊನೆಯ ಓದು. ಅಧ್ಯಾಯಗಳೆಲ್ಲ ಅಷ್ಟರಲ್ಲಿ ಓದಿ ಆಗಿತ್ತು, ಉಳಿದದ್ದು ಮೊದಲ ಕೆಲವು ಪುಟ. ಮುದ್ರಣಕ್ಕೆ ಹೋಗುವ ಪ್ರತಿ ಹಮೀದಾಕನ ಕೈಯಲ್ಲಿ. ಸುತ್ತ ನಾನು, ಜಗಣ್ಣ, ಸದಾನಂದ ಸರ್. ಮೂವರ ಮುಂದೆಯೂ ಇಂಗ್ಲಿಷ್ ಪ್ರತಿ. ಪದ್ಧತಿಯಂತೆ ಮೊದಲಿನಿಂದ ಶುರು. ಹಮೀದಾಕ ಪುಸ್ತಕದ ಹೆಸರು ಓದಿದರು. ಮೂಲ ಸಂಸ್ಥೆಯ ಹೆಸರು ಓದಿದರು. ಆಮೇಲೆ ಓದಿದರು: "ಕನ್ನಡಕ್ಕೆ, ಡಾಕ್ಟರ್ ಸದಾನಂದ."

ನಿಂತರು.

ನಾನು ಕೆಳಗೆ ಇಂಗ್ಲಿಷ್ ಪ್ರತಿ ನೋಡಿದೆ. ಅದರಲ್ಲಿ ಆ ಪುಟಕ್ಕೆ ಹೋಲಿಸಲು ಏನೂ ಇಲ್ಲ. ಕನ್ನಡಕ್ಕೆ ಯಾರು ಎಂದು ಮೂಲದಲ್ಲಿ ಹೇಗೆ ಇರುತ್ತದೆ?

ಸರ್ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿ ಆದ ಮೇಲೆ ಹೇಳುತ್ತಾರೆ ಎಂದುಕೊಂಡೆ. ಜಗಣ್ಣ ಫೋನು ನೋಡುತ್ತಿದ್ದರು. ಅವರ ಟೇಬಲ್ಲಿನ ಮೇಲೆ ನನ್ನ ಐಡಿ ರಿನ್ಯೂವಲ್ಲಿನ ಫೈಲು ಇತ್ತು, ಆ ವಾರವೇ ಸಹಿ ಆಗಬೇಕಾದದ್ದು. ಅದು ಆಗದಿದ್ದರೆ ನಾನು ಈ ದೇಶದಲ್ಲಿ ಇರುವ ಹಾಗಿಲ್ಲ. ಭಯ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಭಯ ಒಂದೇ ಅಲ್ಲ. ನನ್ನ ಹೆಸರನ್ನು ನಾನೇ ಕೇಳಿ ಹಾಕಿಸಿಕೊಳ್ಳುವುದು ನಾಚಿಕೆಗೇಡು ಅನ್ನಿಸಿತು. ಬೇರೆ ಯಾರಾದರೂ ಹೇಳಲಿ ಎಂದು ಕಾದೆ.

ಯಾರೂ ಮಾತಾಡಲಿಲ್ಲ. ಯಾರೂ ಮಾತಾಡದಿದ್ದರೆ ಸರಿ ಇದೆ ಎಂದು ಅರ್ಥ.

ಹಮೀದಾಕ ಪುಟ ತಿರುಗಿಸಿದರು.

ಮರುದಿನ ಜಗಣ್ಣನ ಕ್ಯಾಬಿನ್ನಿಗೆ ಹೋದೆ. ಅವರು ನಾನು ಬಾಯಿ ಬಿಡುವ ಮೊದಲೇ ಶುರು ಮಾಡಿದರು.

"ಗೊತ್ತುಂಟು ಮಾರಾಯ್ತಿ, ಗೊತ್ತುಂಟು. ಆ ಕ್ಲೈಂಟಿಗೆ ಡಾಕ್ಟರ್ ಬೇಕಂತೆ. ಕ್ವಾಲಿಫಿಕೇಷನ್ ಕೇಳಿದ್ರು. ನಿನ್ನದು ಎಂತ ಬರೀಲಿ ನಾನು? ಬಿಕಾಂ ಅರ್ಧ ಅಂತ ಬರೀಲಾ?"

"ಪುಸ್ತಕ ಪೂರ್ತಿ ಉಂಟಲ್ಲ ಜಗಣ್ಣ."

"ನಿನ್ನೆ ಓದುವಾಗ ಯಾಕೆ ಹೇಳಲಿಲ್ಲ ಮತ್ತೆ? ನಿನ್ನದೇ ರೂಲ್ ಅಲ್ವಾ? ಈಗ ಫೈಲ್ ಹೋಗಿ ಆಯ್ತು. ಖಲಾಸ್." ಆಮೇಲೆ ದನಿ ತಗ್ಗಿಸಿ, "ನೀನು ನನ್ನ ತಂಗಿಯ ಹಾಗೆ. ಮುಂದಿನ ಪುಸ್ತಕಕ್ಕೆ ನಿನ್ನ ಹೆಸರೇ ಹಾಕುವಾ. ನಿನ್ನ ಐಡಿ ಪೇಪರಿಗೆ ಸೈನ್ ಮಾಡಿದ್ದೇನೆ, ತಗೊ."

ತಗೊಂಡೆ. ಥ್ಯಾಂಕ್ಸ್ ಎಂದೂ ಹೇಳಿದೆ.

ಮುಂದಿನ ಪುಸ್ತಕ ಬರಲಿಲ್ಲ. ಬಂದದ್ದು ಯಂತ್ರ. ಇಂಗ್ಲಿಷ್ ಹಾಕಿದರೆ ಕನ್ನಡ ಉದುರುತ್ತದೆ, ನಾವು ಅದನ್ನು ನೋಡಿ ಸರಿಮಾಡಬೇಕು. ಅದಕ್ಕೆ ನನ್ನ ಅಷ್ಟೂ ವರ್ಷಗಳ ನೋಟಿಸು, ಫಾರಂ, ಆ ಪುಸ್ತಕ, ಎಲ್ಲವನ್ನೂ ಉಣಿಸಿದ್ದರು. ಒಂದು ದಿನ ಅದು ಕೊಟ್ಟ ಸಾಲೊಂದು ಬಹಳ ಚೆನ್ನಾಗಿತ್ತು. ಎರಡು ಸಲ ಓದಿದ ಮೇಲೆ ಗೊತ್ತಾಯಿತು, ಅದು ನನ್ನದೇ ಸಾಲು. ಜಗಣ್ಣ ಹೆಗಲ ಮೇಲಿಂದ ಬಗ್ಗಿ ನೋಡಿ, "ಕಂಡೆಯಾ, ನಿನಗಿಂತ ಚೆಂದ ಬರೀತದೆ," ಎಂದರು. ಬುಧವಾರದ ಓದು ನಿಂತಿತು. ಯಂತ್ರ ಸಾಲು ಬಿಡುವುದಿಲ್ಲವಂತೆ. ಬಿಡುತ್ತದೆ. ನಾನು ಎಷ್ಟೋ ಸಲ ಹಿಡಿದು ತೋರಿಸಿದ್ದೇನೆ.

ಅದರ ನಡುವೆ ಒಂದು ಸಂಜೆ ಸದಾನಂದ ಸರ್ ಊರಿನಿಂದ ಫೋನ್ ಮಾಡಿದರು.

"ಸುನೀತಾ, ಚೆನ್ನಾಗಿದ್ದೀಯಾ ಅಮ್ಮ? ಒಂದು ಕಡೆ ಭಾಷಣಕ್ಕೆ ಕರೆದಿದ್ದಾರೆ. ಪುಸ್ತಕ ಎಲ್ಲರಿಗೂ ಹಿಡಿಸಿದೆ. ಆ ಐವತ್ತು ಜನ ಓದುತ್ತಾ ಇದ್ದ ಪದ್ಧತಿ ಉಂಟಲ್ಲ, ಅದರ ಬಗ್ಗೆ ಸ್ವಲ್ಪ ಟೈಪ್ ಮಾಡಿ ಕಳಿಸ್ತೀಯಾ? ನಿನಗೆ ಅದು ಬಾಯಿಪಾಠ."

ಅವರ ದನಿಯಲ್ಲಿ ಕಪಟ ಇರಲಿಲ್ಲ. ಮರೆತೇ ಬಿಟ್ಟಿದ್ದರು ಅಂತ ಕಾಣುತ್ತದೆ, ಯಾರು ಬರೆದದ್ದು ಎಂದು. ಅಥವಾ ಅಷ್ಟು ಜನ ಹೊಗಳಿದ ಮೇಲೆ ಮನುಷ್ಯನಿಗೆ ತಾನೇ ಬರೆದದ್ದು ಅನ್ನಿಸುತ್ತದೋ ಏನೋ. ನಾನು ಎರಡು ಪುಟ ಟೈಪ್ ಮಾಡಿ ಕಳಿಸಿದೆ. ಯಾಕೆ ಕಳಿಸಿದೆ ಎಂದು ನನ್ನನ್ನು ಕೇಳಬೇಡಿ. ಯಾರೋ ಒಬ್ಬರು ಆ ವಿಷಯ ಕೇಳಿದರು, ನನಗೆ ಹೇಳುವ ಆಸೆ ತಡೆಯಲಿಲ್ಲ. ನನ್ನಂಥವರ ರೋಗವೇ ಅದು.

ಕಳೆದ ತಿಂಗಳು ಕನ್ನಡದ ಟೇಬಲ್ ಮುಚ್ಚಿದರು. ಕೊನೆಯ ದಿನ ಹಮೀದಾಕ ಆ ಪುಸ್ತಕದ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ಕೊಟ್ಟರು. ನನಗೆ ಯಾರೂ ಪ್ರತಿ ಕೊಟ್ಟಿರಲಿಲ್ಲ, ಅವರು ತಮ್ಮದನ್ನೇ ಕೊಟ್ಟರು. ಕೆಳಗಿನ ಅಂಗಡಿಯ ಎದುರು ನಿಂತು ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ.

"ಹಮೀದಾಕ, ಆ ಪುಟ ಟೈಪ್ ಮಾಡಿದ್ದು ನೀವೇ ಅಲ್ವಾ?"

"ನಾನೇ. ಜಗಣ್ಣ ಚೀಟಿ ಕೊಟ್ಟರು, ಹಾಕಿದೆ."

"ಓದುವಾಗ ನಿಂತ್ರಿ."

"ನಿಲ್ಲದೆ? ಮೂರು ಸಲ ಉಸಿರು ಎಳಕೊಂಡೆ. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ನೀನು ಕಾಗದ ನೋಡ್ತಾ ಕೂತೆ."

"ನೀವೇ ಹೇಳಬಹುದಿತ್ತಲ್ಲ?"

ಅವರು ಚಹಾದ ಪೇಪರ್ ಲೋಟವನ್ನು ಹಿಂಡಿ ಕಸದ ಡಬ್ಬಕ್ಕೆ ಹಾಕಿದರು. "ನಾನು ಓದುವವ, ಸುನೀತಾ. ಓದುವವ ಮಾತಾಡಬಾರದು ಅಂತ ಗೋಡೆಗೆ ಬರೆದು ಅಂಟಿಸಿದ್ದು ಯಾರು?"

ಆಮೇಲೆ ಅವರಿಗೇ ಬೇಸರವಾಯಿತು. "ನನ್ನದೂ ಐಡಿ ಜಗಣ್ಣನ ಕೈಯಲ್ಲೇ ಇರೂದಲ್ವಾ," ಎಂದು ಮೆಲ್ಲಗೆ ಸೇರಿಸಿದರು. ನಾನು ಅವರ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಲು ನನಗೆ ಮುಖ ಎಲ್ಲಿದೆ?

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಕೆಲಸ ಹಿಡಿಯುವ ಮೊದಲು ಕೇಳಿ, ಮೊದಲ ಪುಟ ಯಾರು ಟೈಪ್ ಮಾಡುತ್ತಾರೆ, ಅದರಲ್ಲಿ ಏನು ಇರುತ್ತದೆ. ಬರೆದು ಕೊಡಲು ಹೇಳಿ. ನಾಚಬೇಡಿ. ತಪ್ಪಾದರೆ ನಿಮ್ಮ ಹೆಸರು ಹುಡುಕಿಕೊಂಡು ಬರುತ್ತದೆ, ಅಪ್ಪನ ಹೆಸರಿನ ಸಮೇತ. ಬಿಸಿಲಿನ ನೋಟಿಸಿನ ಆ ಪತ್ರ ಇವತ್ತಿಗೂ ಆಫೀಸಿನ ಫೈಲಿನಲ್ಲಿದೆ. ಒಂಬತ್ತು ವರ್ಷದಲ್ಲಿ 'ಅನುವಾದ ಮಾಡಿದವರು' ಎಂದು ನನ್ನ ಹೆಸರು ಬಿದ್ದ ಕಾಗದ ಅದೊಂದೇ.

ಮೊನ್ನೆ ಸೂಟ್‌ಕೇಸ್ ತೂಗಿ ನೋಡಿದೆ. ಎರಡು ಕಿಲೋ ಹೆಚ್ಚು. ಬಟ್ಟೆ ತೆಗೆದೆ, ಆದರೂ ಹೆಚ್ಚೇ. ಶುಕ್ರವಾರ ಕಪಾಟಿಗೆ ಹೋಗಿ ಅಲ್ಲಿಂದ ತಂದಿದ್ದ ಏಳು ಬೈಬಲ್ಲನ್ನೂ ಮೊದಲಿದ್ದ ಜಾಗಕ್ಕೆ ಇಟ್ಟೆ. ಅವುಗಳ ಪಕ್ಕದಲ್ಲಿ ಹಮೀದಾಕ ಕೊಟ್ಟ ಪುಸ್ತಕವನ್ನೂ ಇಟ್ಟೆ. ಇಟ್ಟ ಮೇಲೆ ಮತ್ತೆ ತೆಗೆದೆ. ಬ್ಯಾಗಿನಿಂದ ಪೆನ್ನು ಹುಡುಕಿ, ಆ ಕಪಾಟಿನ ಎಲ್ಲ ಪುಸ್ತಕಗಳಲ್ಲಿ ಇರುವ ಹಾಗೆ, ಮೊದಲ ಖಾಲಿ ಪುಟದ ಮೇಲ್ಗಡೆ ಬರೆದೆ: ಸುನೀತಾ, ದೋಹಾ.

ಮುಂದೆ ಯಾರಾದರೂ ತೆರೆದರೆ, ಇದು ಯಾರೋ ಸುನೀತಾ ಎಂಬವಳದ್ದಾಗಿತ್ತು, ಊರಿಗೆ ಹೋಗುವಾಗ ಭಾರ ಹೆಚ್ಚಾಗಿ ಬಿಟ್ಟುಹೋದಳು ಎಂದುಕೊಳ್ಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ.